ಕೋಲಾರದ ಗಣಿಗಳೂ ಪ್ರಾಣಿಪ್ರಯೋಗದ ಪರ್ಯಾಯಗಳೂ

ಪ್ರಾಣಿಗಳ ಮೇಲೆ ನಡೆಸುವ ವೈಜ್ಞಾನಿಕ ಪ್ರಯೋಗಗಳಿಗೆ ಪರ್ಯಾಯ ಮಾರ್ಗಗಳು ಹೇಗೆ ಹುಟ್ಟಿದುವು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ 1959ರಿಂದ ಆರಂಭವಾಗುತ್ತದೆ. ಆ ವರ್ಷ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿದ್ವಾಂಸರು ತಮ್ಮ ಗ್ರಂಥದಲ್ಲಿ ಮೂರು ತತ್ತ್ವಗಳನ್ನು ಪ್ರತಿಪಾದಿಸಿದರು: ಸಾಧ್ಯವಿದ್ದೆಡೆ ಪ್ರಾಣಿಯ ಬದಲು ಬೇರೊಂದು ಸಾಧನವನ್ನು ಬಳಸುವುದು, ಪ್ರಾಣಿಯನ್ನು ಬಳಸಲೇಬೇಕಾದಲ್ಲಿ ಸಂಖ್ಯೆಯನ್ನು ತಗ್ಗಿಸುವುದು, ಅದಕ್ಕಾಗುವ ನೋವನ್ನು ಕಡಮೆ ಮಾಡುವುದು. ಮರುವರ್ಷವೇ ಭಾರತದ ಸಂಸತ್ತು ಪ್ರಾಣಿಹಿಂಸೆಯನ್ನು ತಡೆಗಟ್ಟುವ ಅಧಿನಿಯಮವನ್ನು ಅಂಗೀಕರಿಸಿತು. ಆ ಅಧಿನಿಯಮದ ಹದಿನೇಳನೆಯ ಪ್ರಕರಣವು, ಪುಸ್ತಕ, ಪ್ರತಿಕೃತಿ, ಚಲನಚಿತ್ರ ಮೊದಲಾದ ಬೋಧನೋಪಕರಣಗಳಿಂದ ಕೆಲಸ ಸಾಗುವಂತಿದ್ದರೆ ವೈದ್ಯಕೀಯ ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಪ್ರಾಣಿಗಳ ಮೇಲಣ ಪ್ರಯೋಗವನ್ನು ವರ್ಜಿಸಬೇಕೆಂಬುದನ್ನು ಅಂದೇ ಹೇಳಿತು. ಇಂದು ಹೊಸದೆಂದು ತೋರುವ ಎಷ್ಟೋ ಮಾತುಗಳು ಆ ಪ್ರಕರಣದಲ್ಲಿ ಅಡಗಿವೆ.

ಹೀಗೆ ನಿರೂಪಿಸಿದಾಗ ಇದು ಪ್ರಯೋಗಶಾಲೆಯ ಗೋಡೆಗಳೊಳಗಿನ ಇತಿಹಾಸವಾಗುತ್ತದೆ. ಒಂದು ಕಡೆ ವಿಜ್ಞಾನಿ, ಇನ್ನೊಂದು ಕಡೆ ಮೊಲ ಅಥವಾ ಇಲಿ. ನಡುವೆ ಬಂದು ನಿಂತದ್ದು ಗಾಜಿನ ನಳಿಗೆ. ಆದರೆ ರೋಗವಿಜ್ಞಾನದ ಒಂದು ಮುಖ್ಯ ಶಾಖೆಯಲ್ಲಿ, ಎಂದರೆ ಧೂಳಿನಿಂದ ಬರುವ ಶ್ವಾಸಕೋಶ ರೋಗಗಳ ಅಧ್ಯಯನದಲ್ಲಿ, ಪ್ರಾಣಿಯ ಸ್ಥಾನದಲ್ಲಿ ಮೊದಲು ನಿಂತದ್ದು ಗಾಜಿನ ನಳಿಗೆಯಲ್ಲ, ಗಣಿಯ ಕೂಲಿಕಾರ. ಈ ಸಂಗತಿಯನ್ನು ಸ್ಪಷ್ಟವಾಗಿ ಕಾಣಬೇಕಾದರೆ ನಾವು ಬಂಗಾರಪೇಟೆಯಲ್ಲಿ ಇಳಿದು ಕೋಲಾರದ ಚಿನ್ನದ ಗಣಿಗಳತ್ತ ಹೋಗಬೇಕು.

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆಯೆಂದು ಹೆಸರಿತ್ತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ನೆನಪಿಗೆ ಇಟ್ಟ ಹೆಸರು ಅದು. ಗಣಿಗಳ ಇತಿಹಾಸದಲ್ಲಿ ಈ ಊರಿಗೆ ದೊರೆಯಬೇಕಾದ ಸ್ಥಾನ ದೊರೆತಿಲ್ಲವೆಂದೇ ನಮ್ಮ ಅಭಿಪ್ರಾಯ. ಬೆಂಗಳೂರು-ಜೋಲಾರ್‌ಪೇಟೆ ಮಾರ್ಗದಿಂದ ಕವಲೊಡೆದ ರೈಲುದಾರಿ ಮಾರಿಕುಪ್ಪದವರೆಗೆ ಹೋದದ್ದು ಇಲ್ಲಿಂದ. ಯಂತ್ರಗಳೂ ಕಲ್ಲಿದ್ದಲೂ ಮರದ ದಿಮ್ಮಿಗಳೂ ಒಳಹೊಕ್ಕದ್ದು ಇಲ್ಲಿಂದ. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಕೆಲಸ ಅರಸಿ ಬಂದ ತಮಿಳು, ತೆಲುಗು ಜನ ಗಾಡಿ ಬದಲಾಯಿಸಿದ್ದೂ ಇಲ್ಲಿಯೇ. ಗಣಿಯಲ್ಲಿ ದೇಹ ಸೋತವನು ಊರಿಗೆ ಹಿಂದಿರುಗಬೇಕಾಗಿದ್ದರೆ ಅವನ ದಾರಿಯೂ ಇದೇ ಆಗಿತ್ತು. ಈ ಕೊನೆಯ ಮಾತಿಗೆ ನಾವು ಮುಂದೆ ಮರಳಬೇಕಾಗುವುದು.

ಗಣಿಗಳ ಸಾಮಾನ್ಯ ಚರಿತ್ರೆ ಸುಪರಿಚಿತವಾದುದರಿಂದ ಅದನ್ನು ಬೇಗನೆ ದಾಟಬಹುದು. 1870ರ ದಶಕದ ಆದಿಯಲ್ಲಿ ಮೈಕೇಲ್ ಲ್ಯಾವೆಲ್ ಎಂಬುವನು ಮೈಸೂರು ಸರ್ಕಾರದಿಂದ ಅನುಮತಿ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಕೆಲಸ ಲಾಭಕರವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಬಂದಿತು. 1956ರಲ್ಲಿ ಮೈಸೂರು ರಾಜ್ಯಸರ್ಕಾರವೂ 1962ರಲ್ಲಿ ಕೇಂದ್ರಸರ್ಕಾರವೂ ಒಡೆತನ ವಹಿಸಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ನಮಗೆ ಬೇಕಾದದ್ದು ಎರಡೇ ಅಂಶ. ಮೊದಲನೆಯದು, ಇಲ್ಲಿಯ ಚಿನ್ನ ಬೆಣಚುಕಲ್ಲಿನ ಸಿರಗಳಲ್ಲಿದ್ದುದು. ಬೆಣಚುಕಲ್ಲನ್ನು ಕೊರೆದು ಸಿಡಿಸಿದಾಗ ಏಳುವ ಸಿಲಿಕದ ನುಣ್ಪುಡಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು. ಅದು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಂಟುಗಂಟಾಗಿ ನಾರನ್ನು ಬೆಳೆಸುತ್ತದೆ. ಸಿಲಿಕೋಸಿಸ್ ಎಂದರೆ ಇದೇ. ಎರಡನೆಯದು ಆಳ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಅಲ್ಲಿಯ ಬಂಡೆಯ ಶಾಖ ಅರವತ್ತು ಡಿಗ್ರಿ ಸೆಲ್ಸಿಯಸನ್ನು ಮೀರಿತ್ತು. ಧೂಳು ಮತ್ತು ಶಾಖ, ಇವೆರಡನ್ನು ಮನುಷ್ಯದೇಹ ಎಷ್ಟರ ಮಟ್ಟಿಗೆ ತಾಳುತ್ತದೆ ಎಂಬುದು ಗಣಿಯ ವೈದ್ಯನ ಪ್ರಶ್ನೆಯೂ ಹೌದು, ಗಣಿಯ ಒಡೆಯನ ಪ್ರಶ್ನೆಯೂ ಹೌದು.

ಅದೇ ಕಾಲದಲ್ಲಿ ಅನ್ಯದೇಶಗಳ ವಿಜ್ಞಾನಿಗಳು ಈ ಬಗೆಯ ಪ್ರಶ್ನೆಗಳನ್ನು ಪ್ರಾಣಿಗಳ ಮುಂದೆ ಇಟ್ಟು ಪಡೆದ ಉತ್ತರಗಳು ವಿಚಾರಯೋಗ್ಯವಾಗಿವೆ. ಗಣಿಯ ಪ್ರಾಣಿಗಳಲ್ಲೆಲ್ಲ ಪ್ರಸಿದ್ಧವಾದುದು ಕೆನೇರಿ ಹಕ್ಕಿ. 1896ರಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಸ್ಫೋಟಗಳನ್ನು ಪರಿಶೀಲಿಸಿದ ಜಾನ್ ಸ್ಕಾಟ್ ಹಾಲ್ಡೇನ್, ಸತ್ತವರಲ್ಲಿ ಹೆಚ್ಚಿನವರು ಕಾರ್ಬನ್ ಮೊನಾಕ್ಸೈಡಿನಿಂದ ಸತ್ತರೆಂದು ತೋರಿಸಿ, ವಿಷವಾಯುವನ್ನು ಮುಂದಾಗಿ ಅರಿಯಲು ಚಿಕ್ಕ ಪ್ರಾಣಿಯೊಂದನ್ನು ಒಯ್ಯಬೇಕೆಂದು ಸೂಚಿಸಿದನು. ಚಿಕ್ಕ ಪ್ರಾಣಿಯ ಉಸಿರಾಟ ಶೀಘ್ರವಾದುದರಿಂದ ಮನುಷ್ಯನಿಗಿಂತ ಮೊದಲು ಅದು ಕುಸಿಯುತ್ತದೆ. ಇಲಿಗಿಂತ ಕೆನೇರಿಯೇ ಮೇಲೆಂದು ಮುಂದೆ ಕಂಡುಬಂದಿತು. 1986ರಲ್ಲಿ ವಿದ್ಯುನ್ಮಾನ ಶೋಧಕಗಳು ಬರುವವರೆಗೂ ಬ್ರಿಟಿಷ್ ಗಣಿಗಳಲ್ಲಿ ಅದು ಉಳಿಯಿತು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕೆನೇರಿಯನ್ನು ಬಳಸಿದ್ದು ಹೊಸ ಜ್ಞಾನವನ್ನು ಪಡೆಯಲಿಕ್ಕಲ್ಲ, ಅಳತೆಗೆ. ಅಳತೆಗೋಲಾಗಿ ದುಡಿದ ಪ್ರಾಣಿಗೆ ಬದಲಾಗಿ ಯಂತ್ರವನ್ನು ತರುವುದು ಸುಲಭ. ಯಂತ್ರ ಸಿದ್ಧವಾದ ದಿನ ಹಕ್ಕಿಗೆ ಬಿಡುಗಡೆ.

ಧೂಳಿನ ವಿಷಯ ಹಾಗಲ್ಲ. ಅದೇ ಹಾಲ್ಡೇನನ ಸಹಕಾರದಿಂದ ಮಾವ್ರೊಗೊರ್ಡಾಟೊ ಎಂಬ ವಿದ್ವಾಂಸನು ಗಿನಿಹಂದಿಗಳಿಗೆ ಬಗೆಬಗೆಯ ಧೂಳನ್ನು ಉಸಿರಾಡಿಸಿ 1918ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಕಲ್ಲಿದ್ದಲ ಧೂಳನ್ನು ಆ ಪ್ರಾಣಿಗಳ ಶ್ವಾಸಕೋಶ ಬಲುಮಟ್ಟಿಗೆ ಹೊರಹಾಕಿತು. ಕಲ್ಲಿದ್ದಲ ಧೂಳು ನಿರಪಾಯಕಾರಿಯೆಂಬ ಅಭಿಪ್ರಾಯವನ್ನು ಹಾಲ್ಡೇನ್ ಎತ್ತಿಹಿಡಿದನು. ಅವನ ಹೆಸರಿನ ತೂಕದಿಂದ ಆ ಅಭಿಪ್ರಾಯ ಬಹುಕಾಲ ನಿಂತಿತು. ವೇಲ್ಸಿನ ಕಲ್ಲಿದ್ದಲ ಗಣಿಯವರು ಏದುಸಿರು ಬಿಡುತ್ತ ಬಂದದ್ದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಕಾರ್ಮಿಕರನ್ನೇ ಪರೀಕ್ಷಿಸಿ, ಕ್ಷಕಿರಣ ಚಿತ್ರಗಳನ್ನು ತೆಗೆದು, 1940ರ ದಶಕದ ಮೊದಲ ವರ್ಷಗಳಲ್ಲಿ ಅವರ ರೋಗ ನಿಜವೆಂದು ಸ್ಥಾಪಿಸಬೇಕಾಯಿತು. 1943ರಲ್ಲಿ ಪರಿಹಾರಧನದ ಯೋಜನೆ ಬಂದಿತು. ಗಿನಿಹಂದಿ ಸುಳ್ಳು ಹೇಳಲಿಲ್ಲ. ಅದು ತನ್ನ ಶ್ವಾಸಕೋಶದ ವಿಷಯವನ್ನು ಹೇಳಿತು. ಅದರ ಆಯುಷ್ಯ ಕೆಲವೇ ವರ್ಷ. ಗಣಿಯವನು ಇಪ್ಪತ್ತು, ಮೂವತ್ತು ವರ್ಷ ಧೂಳನ್ನು ಸೇವಿಸುತ್ತಾನೆ. ಭಾರವಾದ ದುಡಿಮೆಯಲ್ಲಿ ಬಾಯಿಂದಲೂ ಉಸಿರೆಳೆಯುತ್ತಾನೆ.

ಇದಕ್ಕಿಂತ ಖೇದಕರವಾದುದು ಕೆನಡಾದ ಪ್ರಸಂಗ. ಅದು ಚಿನ್ನದ ಗಣಿಯದೇ ಆದುದರಿಂದ ಕೋಲಾರದ ಓದುಗರಿಗೆ ಹೆಚ್ಚು ಹತ್ತಿರ. ಆಂಟೇರಿಯೊ ಪ್ರಾಂತದಲ್ಲಿ ಡೆನಿ, ರಾಬ್ಸನ್, ಅರ್ವಿನ್ ಎಂಬ ಮೂವರು, ಬೆಣಚುಧೂಳಿನೊಡನೆ ಅಲ್ಯೂಮಿನಿಯಂ ಪುಡಿಯನ್ನು ಬೆರೆಸಿ ಉಸಿರಾಡಿಸಿದ ಮೊಲಗಳಲ್ಲಿ ಸಿಲಿಕೋಸಿಸ್ ಬೆಳೆಯಲಿಲ್ಲವೆಂದು 1930ರ ದಶಕದ ಉತ್ತರಾರ್ಧದಲ್ಲಿ ವರದಿ ಮಾಡಿದರು. 1943ರಿಂದ ಅಲ್ಲಿಯ ಗಣಿಗಳಲ್ಲಿ, ಪಾಳಿಗೆ ಮುನ್ನ ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲುಗಳನ್ನು ಮುಚ್ಚಿ ಆ ಪುಡಿಯನ್ನು ಗಾಳಿಗೆ ಊದುವ ಪದ್ಧತಿ ಆರಂಭವಾಗಿ 1979ರವರೆಗೆ ನಡೆಯಿತು. ಮೊಲಗಳಲ್ಲಿ ಕಂಡ ರಕ್ಷಣೆ ಮನುಷ್ಯರಲ್ಲಿ ಸಿದ್ಧಪಡಲಿಲ್ಲ. ಆ ಪುಡಿಯನ್ನು ಸೇವಿಸಿದ ಕಾರ್ಮಿಕರಲ್ಲಿ ಪಾರ್ಕಿನ್ಸನ್ ರೋಗ ಹೆಚ್ಚಾಗಿತ್ತೆಂಬುದು 2020ರಲ್ಲಿ ಅಲ್ಲಿಯ ಕಾರ್ಮಿಕರ ದಾಖಲೆಗಳ ಅಧ್ಯಯನದಿಂದ ಹೊರಬಿದ್ದಿತು.

ಚಿನ್ನವನ್ನು ಅದಿರಿನಿಂದ ಬಿಡಿಸುವ ಸಯನೈಡಿನ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕು. ಆ ವಿಧಾನ 1887ರಲ್ಲಿ ಗ್ಲಾಸ್ಗೋವಿನಲ್ಲಿ ರೂಪುಗೊಂಡು ಲೋಕದ ಗಣಿಗಳಿಗೆಲ್ಲ ಹರಡಿತು. ಕೆ.ಜಿ.ಎಫ್.ನಲ್ಲಿ ಇಂದಿಗೂ ದೂರದಿಂದಲೇ ಕಾಣುವ ಸಯನೈಡ್ ದಿಬ್ಬಗಳು ಅದರ ಶೇಷ. ಕೇಂಬ್ರಿಜ್ಜಿನ ಶರೀರಶಾಸ್ತ್ರಜ್ಞ ಜೋಸೆಫ್ ಬಾರ್‌ಕ್ರಾಫ್ಟನು ಮೊದಲ ಮಹಾಯುದ್ಧದ ಕಾಲದಲ್ಲಿ ಒಂದು ನಾಯಿಯೊಡನೆ ಹೈಡ್ರೊಸಯನಿಕ್ ಅನಿಲ ತುಂಬಿದ ಕೋಣೆಯನ್ನು ಹೊಕ್ಕನು. ಒಂದೂವರೆ ನಿಮಿಷದೊಳಗೆ ನಾಯಿ ಪ್ರಜ್ಞೆ ತಪ್ಪಿ ಬಿದ್ದಿತು. ಬಾರ್‌ಕ್ರಾಫ್ಟನು ನಡೆದು ಹೊರಬಂದನು. ಒಂದು ಜಾತಿಯ ಪ್ರಾಣಿಯಲ್ಲಿ ಅಳೆದ ವಿಷದ ಪ್ರಮಾಣವನ್ನು ಇನ್ನೊಂದಕ್ಕೆ ನೇರವಾಗಿ ಹಚ್ಚಲಾಗದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ಆದರೆ ಬಾರ್‌ಕ್ರಾಫ್ಟನು ತಾನಾಗಿಯೇ ಒಳಹೊಕ್ಕವನೆಂಬುದನ್ನು ಮರೆಯಬಾರದು.

ಈಗ ಕೋಲಾರಕ್ಕೆ ಬರೋಣ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಇಲ್ಲಿಂದ. 1940ರಿಂದ 1946ರವರೆಗೆ ಗಣಿಯ ವೈದ್ಯರು 7,653 ಕಾರ್ಮಿಕರನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕ ಮಂದಿಗೆ ಸಿಲಿಕೋಸಿಸ್ ತಗುಲಿತ್ತು. ಈ ಕಾರ್ಯದೊಡನೆ ಮುಖ್ಯವಾಗಿ ಸೇರಿರುವ ಹೆಸರು ಡಾ. ಆಂಟನಿ ಕ್ಯಾಪ್ಲಾನರದು. ಪರೀಕ್ಷೆಯ ಸಾಧನಗಳು ಹೊಸವಾಗಿರಲಿಲ್ಲ: ಎದೆಯ ಕ್ಷಕಿರಣ ಚಿತ್ರ, ಎಷ್ಟು ವರ್ಷ ಎಂಥ ಕೆಲಸ ಮಾಡಿದನೆಂಬ ದಾಖಲೆ, ವೈದ್ಯನ ಕಿವಿ ಮತ್ತು ಕೈ. ಗಣಿಯ ಗಾಳಿಯನ್ನು ಅಳೆಯಲು ಆ ಕಾಲದ ಚಿನ್ನದ ಗಣಿಗಳಲ್ಲಿ ರೂಢಿಗೆ ಬಂದಿದ್ದ ಉಪಕರಣ ಕೊನಿಮೀಟರು. ದಕ್ಷಿಣ ಆಫ್ರಿಕದ ರಾಬರ್ಟ್ ಕೋಟ್ಸೆ ರೂಪಿಸಿದ ಇದು, ಗೊತ್ತಾದ ಪರಿಮಾಣದ ಗಾಳಿಯನ್ನು ಜಿಡ್ಡು ಸವರಿದ ಗಾಜಿನ ಮೇಲೆ ಚಿಮ್ಮಿಸುತ್ತದೆ. ಅಂಟಿಕೊಂಡ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುತ್ತಾರೆ. ಒಂದು ಕೈಯಲ್ಲಿ ಧೂಳಿನ ಎಣಿಕೆ, ಇನ್ನೊಂದು ಕೈಯಲ್ಲಿ ಎದೆಯ ಚಿತ್ರ ಇವೆರಡೂ ಸೇರಿದಾಗ ಮೊಲವನ್ನಾಗಲಿ ಗಿನಿಹಂದಿಯನ್ನಾಗಲಿ ಕೇಳದೆಯೇ ಎಷ್ಟು ಧೂಳಿಗೆ ಎಷ್ಟು ರೋಗವೆಂಬ ಲೆಕ್ಕ ಹಾಕಬಹುದು. ವಿಧಾನದ ದೃಷ್ಟಿಯಿಂದ ಇದು ಪ್ರಾಣಿಪ್ರಯೋಗಕ್ಕೆ ನಿಜವಾದ ಪರ್ಯಾಯ. ಉತ್ತರದ ಯಥಾರ್ಥತೆಯಲ್ಲಿ ಪ್ರಾಣಿಪ್ರಯೋಗಕ್ಕಿಂತ ಮೇಲಾದುದು.

ಶಾಖದ ಪ್ರಶ್ನೆಯಲ್ಲಿಯೂ ಇದೇ ರೀತಿ. ಹಾಲ್ಡೇನನು 1905ರಲ್ಲಿ, ತಾನೂ ಕಾರ್ನ್‌ವಾಲಿನ ಗಣಿಯ ಬಿಸಿಯಲ್ಲಿ ನಿಂತು, ದೇಹ ತಾಳುವ ಮಿತಿಯನ್ನು ನಿರ್ಧರಿಸುವುದು ಬರಿಯ ಉಷ್ಣಮಾಪಕವಲ್ಲ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವೆಂದು ತೋರಿಸಿದ್ದನು. ಲೆನಾರ್ಡ್ ಹಿಲ್ ರೂಪಿಸಿದ ಕಾಟಾ ಉಷ್ಣಮಾಪಕವು ಗಾಳಿಯ ಚಲನೆಯಿಂದಾಗುವ ತಂಪನ್ನೂ ಅಳತೆಗೆ ತಂದಿತು. ಕೋಲಾರದಲ್ಲಿ ಕ್ಯಾಪ್ಲಾನ್ ಮತ್ತು ಲಿಂಡ್ಸೆ ಆಳದ ಗಣಿಗಳ ಹೆಚ್ಚಿನ ಶಾಖ ಕಾರ್ಮಿಕರ ದಕ್ಷತೆಯನ್ನು ಹೇಗೆ ಕುಗ್ಗಿಸುತ್ತದೆಂಬುದನ್ನು ಪ್ರಯೋಗಮೂಲಕ ಪರಿಶೀಲಿಸಿ 1946ರಲ್ಲಿ ಪ್ರಕಟಿಸಿದರು. ಪ್ರಯೋಗಕ್ಕೆ ವಿಷಯವಾದುದು ದುಡಿಯುವ ಮನುಷ್ಯನೇ. ಅಳೆದದ್ದು ಅವನ ದಕ್ಷತೆ. ಪ್ರಬಂಧದ ಶೀರ್ಷಿಕೆಯಲ್ಲಿಯೇ ದಕ್ಷತೆಯೆಂಬ ಮಾತಿದೆ, ಆರೋಗ್ಯವೆಂಬ ಮಾತಿಲ್ಲ. ಇದನ್ನು ನಾವು ಲೇಖಕರ ದೋಷವೆಂದು ಎಣಿಸುವುದಿಲ್ಲ; ಗಣಿತಜ್ಞರ ಸಂಘವಲ್ಲ, ಗಣಿ ಎಂಜಿನಿಯರರ ಸಂಸ್ಥೆ ಆ ಪ್ರಬಂಧವನ್ನು ಪ್ರಕಟಿಸಿದ್ದು. ಆದರೂ ಇತಿಹಾಸಕಾರನು ಶೀರ್ಷಿಕೆಗಳನ್ನು ಹಾಗೆಯೇ ದಾಟಿ ಹೋಗಲಾಗದು.

ಅದೇ ಕಾಲಕ್ಕೆ, 1947ರಲ್ಲಿ, ನ್ಯೂರೆಂಬರ್ಗಿನ ನ್ಯಾಯಾಲಯವು ನಾಟ್ಸಿ ವೈದ್ಯರ ವಿಚಾರಣೆಯನ್ನು ಮುಗಿಸುತ್ತ ಮನುಷ್ಯರ ಮೇಲಣ ಪ್ರಯೋಗಗಳಿಗೆ ಹತ್ತು ನಿಯಮಗಳನ್ನು ವಿಧಿಸಿತು. ಮೊದಲ ನಿಯಮ ಸ್ವಂತ ಇಚ್ಛೆಯ ಸಮ್ಮತಿ. ಮೂರನೆಯದರಲ್ಲಿ, ಮನುಷ್ಯಪ್ರಯೋಗವು ಪ್ರಾಣಿಪ್ರಯೋಗದ ಫಲಿತಾಂಶಗಳನ್ನೂ ರೋಗದ ಸಹಜಗತಿಯ ಅರಿವನ್ನೂ ಆಧರಿಸಿರಬೇಕೆಂಬ ಮಾತಿದೆ. ಮನುಷ್ಯನನ್ನು ರಕ್ಷಿಸಲು ಬರೆದ ನಿಯಮವೇ ಪ್ರಾಣಿಯನ್ನು ಮುಂದಕ್ಕೆ ನಿಲ್ಲಿಸಿತು. ಪರ್ಯಾಯಗಳನ್ನು ಕುರಿತು ಉತ್ಸಾಹದಿಂದ ಬರೆಯುವವರು ಸಾಮಾನ್ಯವಾಗಿ ಈ ಗಂಟನ್ನು ಬಿಡಿಸಲು ಹೋಗುವುದಿಲ್ಲ. ಪ್ರಾಣಿಯನ್ನು ಬಿಟ್ಟಾಗ ಆ ಸ್ಥಾನಕ್ಕೆ ಬರುವವರು ಯಾರು, ಅವರಿಗೆ ಒಲ್ಲೆನೆನ್ನುವ ಶಕ್ತಿ ಇತ್ತೇ ಎಂಬುದು ಕೋಲಾರದಂಥ ಸ್ಥಳದಲ್ಲಿ ಕೇಳಲೇಬೇಕಾದ ಪ್ರಶ್ನೆ.

ಒಲ್ಲೆನೆನ್ನುವ ಶಕ್ತಿ ಕಾರ್ಮಿಕರಲ್ಲಿ ಇರಲೇ ಇಲ್ಲವೆನ್ನಲಾಗದು. 1930ರಲ್ಲಿ ಬೆರಳಚ್ಚು ಪಡೆದು ಹೆಸರು ನೋಂದಾಯಿಸುವ ಕ್ರಮವನ್ನು ಕಂಪೆನಿಗಳು ತಂದಾಗ ಗಣಿಗಳೆಲ್ಲ ಮುಷ್ಕರ ಹೂಡಿ ನಿಂತುವು. ತಮ್ಮ ದೇಹದ ಗುರುತು ಒಡೆಯರ ದಫ್ತರದಲ್ಲಿ ಸೇರಿದರೆ ಅದು ಯಾವ ಕೆಲಸಕ್ಕೆ ಬಳಕೆಯಾದೀತೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಎದೆಯ ಚಿತ್ರವೂ ಅಂಥದೇ ಒಂದು ಗುರುತು. ಅದರಿಂದ ರೋಗಿಗೆ ಪರಿಹಾರಧನ ದೊರೆಯಬಹುದು; ಅದರಿಂದಲೇ ಅವನು ಕೆಲಸಕ್ಕೆ ಅನರ್ಹನೆಂದೂ ತೀರ್ಮಾನವಾಗಬಹುದು. ಒಂದೇ ಕಾಗದಕ್ಕೆ ಎರಡು ಅಲಗು.

ಸಮೀಕ್ಷೆಯ ಸಂಖ್ಯೆಗಳಿಗೂ ಒಂದು ಮಿತಿ ಉಂಟು. ಕೆಲಸದಲ್ಲಿರುವವರನ್ನು ಮಾತ್ರ ಪರೀಕ್ಷಿಸುವ ಸಮೀಕ್ಷೆ ಕೆಲಸ ಬಿಟ್ಟು ಹೋದವರನ್ನು ಎಣಿಸುವುದಿಲ್ಲ. ಬಿಟ್ಟು ಹೋಗುವವರಲ್ಲಿ ರೋಗಿಗಳೇ ಹೆಚ್ಚು ಇರುವುದು ಸಹಜ. ಬೌರಿಂಗ್‌ಪೇಟೆಯಲ್ಲಿ ಗಾಡಿ ಹತ್ತಿ ಆರ್ಕಾಟಿನ ಕಡೆಯ ಹಳ್ಳಿಗೆ ಹೋಗಿ ಕೆಮ್ಮುತ್ತ ಸತ್ತವನು ಗಣಿಯ ಲೆಕ್ಕದಲ್ಲಿ ರಾಜೀನಾಮೆ ಕೊಟ್ಟವನಷ್ಟೆ. ಪ್ರಯೋಗಶಾಲೆಯಲ್ಲಿ ಬೋನಿನ ಮೊಲ ಓಡಿಹೋಗಲಾರದು. ಪ್ರತಿಯೊಂದರ ಸಾವೂ ಪುಸ್ತಕದಲ್ಲಿ ಏರುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಪ್ರಾಣಿಪ್ರಯೋಗ ಗಣಿಯ ಸಮೀಕ್ಷೆಗಿಂತ ಅಚ್ಚುಕಟ್ಟು. ಆದುದರಿಂದ ನೂರಕ್ಕೆ ನಲವತ್ತಕ್ಕೂ ಮಿಕ್ಕ ಆ ಸಂಖ್ಯೆಯನ್ನು ನಾವು ರೋಗದ ಮೇಲ್ಮಿತಿಯಾಗಿ ಅಲ್ಲ, ಕೆಳಮಿತಿಯಾಗಿ ಓದಬೇಕು.

ಕ್ಯಾಪ್ಲಾನರು ಮುಂದೆ ಬ್ರಿಟನ್ನಿಗೆ ತೆರಳಿ ಕಾರ್ಡಿಫಿನ ವೈದ್ಯಮಂಡಲಿಯಲ್ಲಿ ಕೆಲಸ ಮಾಡುತ್ತ, 1953ರಲ್ಲಿ ಸಂಧಿವಾತವುಳ್ಳ ಕಲ್ಲಿದ್ದಲ ಗಣಿಯವರ ಎದೆಯ ಚಿತ್ರಗಳಲ್ಲಿ ಕಾಣುವ ವಿಲಕ್ಷಣವಾದ ದುಂಡು ನೆರಳುಗಳನ್ನು ಗುರುತಿಸಿದರು. ಇಂದಿಗೂ ವೈದ್ಯಗ್ರಂಥಗಳಲ್ಲಿ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸಂಧಿವಾತವೂ ಧೂಳೂ ಒಂದೇ ದೇಹದಲ್ಲಿ ಕೂಡಿದಾಗ ಆಗುವ ಪರಿಣಾಮ ಅವರಿಗೆ ಗೋಚರಿಸಿದ್ದು ಬೋನಿನ ಪ್ರಾಣಿಯಲ್ಲಲ್ಲ, ಸಾವಿರಾರು ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ ಪಳಗಿದ ಕಣ್ಣಿಗೆ. ಆ ಕಣ್ಣು ಪಳಗಿದ್ದರಲ್ಲಿ ಚಾಂಪಿಯನ್ ರೀಫಿನ ಪಾಲೂ ಉಂಟೆಂದು ನಾವು ಭಾವಿಸುತ್ತೇವೆ.

ಧೂಳು ಸಿಲಿಕೋಸಿಸನ್ನು ಹೇಗೆ ಉಂಟುಮಾಡುತ್ತದೆಂಬ ಆಂತರಿಕ ಕ್ರಮ ತಿಳಿದದ್ದು 1960ರ ದಶಕದಲ್ಲಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಂದ. ಶ್ವಾಸಕೋಶದ ಭಕ್ಷಕಕೋಶಗಳು ಸಿಲಿಕದ ಕಣವನ್ನು ನುಂಗಿ ತಾವೇ ಸಾಯುತ್ತವೆಂಬುದನ್ನು 1966ರಲ್ಲಿ ಆಲಿಸನ್, ಹ್ಯಾರಿಂಗ್ಟನ್, ಬರ್ಬೆಕ್ ವಿವರಿಸಿದರು. ಹಾಗೆ ಕೆಟ್ಟ ಕೋಶಗಳಿಂದ ಹೊರಬರುವ ದ್ರವ್ಯ ನಾರನ್ನು ಹೆಣೆಯುವ ಕೋಶಗಳನ್ನು ಪ್ರಚೋದಿಸುತ್ತದೆಂಬುದನ್ನು 1967ರಲ್ಲಿ ಹೆಪಲ್ಸ್‌ಟನ್ ಮತ್ತು ಸ್ಟೈಲ್ಸ್ ತೋರಿಸಿದರು. ಆ ಕೋಶಗಳನ್ನು ಪಡೆಯುತ್ತಿದ್ದುದು ಪ್ರಾಣಿಗಳಿಂದಲೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ವರ್ಷಗಟ್ಟಲೆ ಧೂಳು ಕುಡಿಸುವ ಬದಲು ಕೆಲವು ಗಂಟೆಗಳಲ್ಲಿ ಉತ್ತರ ದೊರೆಯಿತು. ಅತ್ತ ಇಡೀ ಪ್ರಾಣಿಯಿಂದ ದೊರೆಯುವ ಉತ್ತರ ಗೊಂದಲಮಯವಾಗಿಯೇ ಉಳಿಯಿತು. ಸಿಲಿಕದ ಧೂಳಿನಿಂದ ಇಲಿಗಳಿಗೆ ಶ್ವಾಸಕೋಶದ ಅರ್ಬುದ ಬಂದಿತು, ಹ್ಯಾಮ್‌ಸ್ಟರುಗಳಿಗೆ ಬರಲಿಲ್ಲ. 1997ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆ, ಕೆಲಸದ ಸ್ಥಳದಲ್ಲಿ ಉಸಿರಾಡುವ ಸ್ಫಟಿಕರೂಪದ ಸಿಲಿಕವನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದು ವರ್ಗೀಕರಿಸಿದಾಗ ಕಾರ್ಮಿಕರ ದಾಖಲೆಗಳ ಸಾಕ್ಷ್ಯವನ್ನು ಅವಲಂಬಿಸಬೇಕಾಯಿತು.

ನಮ್ಮ ದೇಶದ ಶಾಸನದ ಮುಂದಿನ ಕಥೆ ಸಂಕ್ಷಿಪ್ತವಾದುದು. 1960ರ ಅಧಿನಿಯಮದ ಮೇರೆಗೆ ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಗೆ ಏರ್ಪಟ್ಟ ಸಮಿತಿ ನಿಜವಾಗಿ ಬಲಗೊಂಡದ್ದು 1998ರ ನಿಯಮಗಳಿಂದ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿಯೂ 2014ರಲ್ಲಿಯೂ ಹೊರಡಿಸಿದ ಸೂಚನೆಗಳಿಂದ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಕಪ್ಪೆ ಕೊಯ್ಯುವ ಪದ್ಧತಿ ಹಿಂದಕ್ಕೆ ಸರಿಯಿತು. ನಮ್ಮ ಓದುಗರಲ್ಲಿ ಹಿರಿಯರಾದ ಅಧ್ಯಾಪಕರಿಗೆ ಫಾರ್ಮಲಿನಿನ ವಾಸನೆ ಇನ್ನೂ ನೆನಪಿರಬಹುದು. ಪ್ರಸಾಧನ ದ್ರವ್ಯಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಲ್ಲಿ ನಿಷಿದ್ಧವಾಯಿತು. 2023ರ ತಿದ್ದುಪಡಿಯಿಂದ ಹೊಸ ಔಷಧಿಗಳ ಪರೀಕ್ಷೆಯಲ್ಲಿಯೂ ಜೀವಕೋಶ, ಗಣಕಯಂತ್ರ ಮೊದಲಾದ ಪ್ರಾಣಿರಹಿತ ವಿಧಾನಗಳಿಗೆ ಮಾನ್ಯತೆ ದೊರೆಯಿತು. ಗಣಿಕಾರ್ಮಿಕನ ವಿಷಯದಲ್ಲಿ, 1952ರ ಗಣಿ ಅಧಿನಿಯಮದ ಅನ್ವಯ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು ಘೋಷಿತವಾಯಿತು. ಒಂದು ಶಾಸನ ಪ್ರಯೋಗಕ್ಕೆ ಮುಂಚೆಯೇ ಸಮಿತಿಯ ಅನುಮತಿಯನ್ನು ಬೇಡುತ್ತದೆ. ಇನ್ನೊಂದು, ರೋಗ ಬಂದ ಮೇಲೆ ವರದಿಯನ್ನು ಬೇಡಿತು. ಇವೆರಡನ್ನು ಒಟ್ಟಿಗೆ ಓದುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬೆಳೆಯಬೇಕಾಗಿದೆ.

ಕೊನೆಯದಾಗಿ ದಾಖಲೆಗಳ ಮಾತು. 1930ರಲ್ಲಿ ಜೊಹಾನೆಸ್‌ಬರ್ಗಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನಡೆಸಿದ ಸಿಲಿಕೋಸಿಸ್ ಸಮ್ಮೇಳನದಿಂದ ಮೊದಲುಗೊಂಡು ಎದೆಯ ಚಿತ್ರಗಳನ್ನು ವರ್ಗೀಕರಿಸುವ ಒಂದು ಸಮಾನ ಕ್ರಮ ಬೆಳೆಯುತ್ತ ಬಂದಿದೆ; ಅದನ್ನು ಹಲವು ಬಾರಿ ಪರಿಷ್ಕರಿಸಿದ್ದಾರೆ. ಈ ಕ್ರಮದ ಒಂದು ಗುಣವೆಂದರೆ, 1940ರ ದಶಕದಲ್ಲಿ ತೆಗೆದ ಚಿತ್ರವನ್ನೂ ಇಂದಿನ ಮಾನದಂಡದಿಂದ ಮತ್ತೆ ಓದಬಹುದು. ಒಂದು ಮೊಲ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಸಾಯುತ್ತದೆ. ಹೊಸ ಪ್ರಶ್ನೆಗೆ ಹೊಸ ಮೊಲ ಬೇಕು. ಚಿತ್ರವೂ ಕೆಲಸದ ದಾಖಲೆಯೂ ಸಾವಿನ ವಿವರವೂ ಒಟ್ಟಿಗೆ ಉಳಿದಿದ್ದರೆ ಅವುಗಳಿಗೆ ಎಷ್ಟು ಪ್ರಶ್ನೆಗಳನ್ನಾದರೂ ಹಾಕಬಹುದು. ಕೆನಡಾದಲ್ಲಿ ಅಲ್ಯೂಮಿನಿಯಂ ಪುಡಿಯ ಹಾನಿ ಬೆಳಕಿಗೆ ಬಂದದ್ದು, ಪದ್ಧತಿ ನಿಂತು ನಲವತ್ತು ವರ್ಷಗಳ ಮೇಲೆ, ಇಂಥ ದಾಖಲೆಗಳಿಂದಲೇ.

ಕೇಂದ್ರಸರ್ಕಾರವು 1990ರಲ್ಲಿ ಗಣಿಕಾರ್ಮಿಕರ ಆರೋಗ್ಯಕ್ಕೆಂದು ಒಂದು ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿದಾಗ ಅದಕ್ಕೆ ಕೆ.ಜಿ.ಎಫ್.ನಲ್ಲಿ ನೆಲೆ ದೊರೆಯಿತು. ಅದರ ಪ್ರಯೋಗಶಾಲೆ ನಾಗಪುರದಲ್ಲಿ ನಡೆಯಿತು. 2019ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ಅದು ವಿಲೀನವಾಯಿತು. ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಕಾಲೊನಿಗಳಿಂದ ಜನ ಮುಂಜಾನೆಯ ಗಾಡಿ ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಲವು ಮನೆಗಳಲ್ಲಿ ಇನ್ನೂ ಕಂಪೆನಿಯ ಹಳೆಯ ಚೀಟಿಗಳಿವೆ. ಈ ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಅಂಥ ಕಾಗದಗಳನ್ನು ಮನೆಯವರ ಸಮ್ಮತಿಯಿಂದ ನಕಲು ಮಾಡಿಕೊಂಡು, ಯಾರು ಯಾವ ಗಣಿಯಲ್ಲಿ ಎಷ್ಟು ವರ್ಷ ಬೈರಿಗೆ ಹಿಡಿದರು, ಯಾವ ವರ್ಷ ಊರಿಗೆ ಹಿಂದಿರುಗಿದರು, ಎಲ್ಲಿ ತೀರಿಕೊಂಡರು ಎಂಬ ಪಟ್ಟಿಯನ್ನು ಸಿದ್ಧಪಡಿಸುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಎರಡು ವರ್ಷದ ಕೆಲಸ. 1946ರ ಸಮೀಕ್ಷೆ ಎಣಿಸದೆ ಬಿಟ್ಟವರ ಲೆಕ್ಕ ಆರಂಭವಾಗಬೇಕಾದದ್ದು ಆ ಪಟ್ಟಿಯಿಂದ.